ಯಾರೂ ಇಲ್ಲದ ಏಳು ಫೋಟೊಗಳು

ಪೇಟೆಯ ಆ ಸ್ಟುಡಿಯೋದವನ ಮೇಲಿನ ಸಿಟ್ಟು ಇವತ್ತಿಗೂ ಇಳಿದಿಲ್ಲ. ಅರವತ್ತರ ದಶಕದ ಮಾತು. ನಾನಾಗ ಮೂಡುಬಿದಿರೆಯಲ್ಲಿ ಶಾಲೆ ಮಾಸ್ಟ್ರು. ಒಂದು ಆದಿತ್ಯವಾರ ಹೊಸ ಡಬ್ಬಿ ಕ್ಯಾಮೆರಾ ಹಿಡಿದು ಅಕ್ಕನ ಗಂಡನ ಜೊತೆ ಮಿಜಾರಿನ ಕಾಡಿಗೆ ಹೋದೆ. ರೀಲಿನಲ್ಲಿದ್ದದ್ದು ಎಂಟೇ ಫೋಟೊ. ಕೊಂಬೆಯಿಂದ ಜೋತುಬಿದ್ದ ಸೀತಾಳೆ ಹೂವಿನ ಗೊಂಚಲೊಂದು ಅಲ್ಲಾಡದಿರಲಿ ಎಂದು, ಗಾಳಿ ನಿಲ್ಲುವುದನ್ನೇ ಕಾಯುತ್ತ ಅರ್ಧ ಗಂಟೆ ನಿಂತೆ. ಚಗಳಿ ಇರುವೆಗಳು ಅಂಗಿಯೊಳಗೆ ಹೊಕ್ಕು ಕಚ್ಚಿದರೂ ಕೈ ಕದಲಿಸಲಿಲ್ಲ. "ಹೋಗುವ ಮಾರಾಯ, ಹಸಿವಾಗ್ತದೆ" ಎಂದು ಭಾವ ಗೊಣಗುತ್ತಲೇ ಇದ್ದರು. ಅವರ ಬಾಯಿ ಮುಚ್ಚಿಸಲು ಕೊನೆಯ ಫೋಟೊಕ್ಕೆ ಅವರನ್ನೇ ಆ ಹೂವಿನ ಎದುರು ನಿಲ್ಲಿಸಿದೆ.

ವಾರ ಕಳೆದು ಸ್ಟುಡಿಯೋಕ್ಕೆ ಹೋದರೆ, ಲಕೋಟೆಯಲ್ಲಿ ಭಾವನ ಫೋಟೊ ಮಾತ್ರ.

"ಉಳಿದ ಏಳು ಎಲ್ಲಿ?" ಎಂದೆ.

"ಅದರಲ್ಲಿ ಯಾರೂ ಇರ್ಲಿಲ್ಲ ಮಾಸ್ಟ್ರೆ. ಖಾಲಿ ಹೋದದ್ದು ಅಂತ ಕತ್ತರಿಸಿ ಬಿಸಾಡಿದೆ" ಎಂದ, ನನಗೇನೋ ಉಪಕಾರ ಮಾಡಿದವನ ಹಾಗೆ. ಕೆನ್ನೆಗೆ ಬಾರಿಸಬೇಕೆನಿಸಿತು; ಮಾಸ್ಟ್ರಾದ ತಪ್ಪಿಗೆ ಸುಮ್ಮನೆ ಬಂದೆ.

ಆ ಒಂದು ಫೋಟೊ ಅಕ್ಕನ ಮನೆಯ ಗೋಡೆಯಲ್ಲಿ ಉಂಟು. ಭಾವನ ಹೆಗಲ ಹಿಂದೆ ಬೆಳ್ಳಗೆ ಇಣುಕುವ ಗೊಂಚಲನ್ನು ಗಾಜಿನ ಮೇಲಿನ ಕಲೆಯೆಂದುಕೊಂಡು, ನಾನು ಹೋದಾಗಲೆಲ್ಲ ಅಕ್ಕ ನನ್ನ ಕಣ್ಣೆದುರೇ ಸೆರಗಿನಿಂದ ತಿಕ್ಕುತ್ತಾಳೆ.