ಎಡಕ್ಕೇ ನೋಡಿದ ಜಪಾನಿ ನಟ

ಗಾಳಿ, ದೆವ್ವ ಅಂದವರ ಎದುರಿಗೇ ನಗುತ್ತಿದ್ದವನು ನಾನು. ಮೂವತ್ತೆಂಟನೇ ವಯಸ್ಸಿನಲ್ಲಿ ಎಸ್ಸೆಸ್ಸೆಲ್ಸಿ ಪಾಸು ಮಾಡಿದ ಮೇಲೆ ಆ ನಗು ಇನ್ನೂ ಜೋರಾಗಿತ್ತು. ಈಗ ನನ್ನನ್ನು ನೋಡಿ ಬೇರೆಯವರು ನಗುತ್ತಾರೆ. ನಗಲಿ. ಆದದ್ದನ್ನು ಆದ ಹಾಗೇ ಬರೆಯುತ್ತೇನೆ.

ಚನ್ನಪಟ್ಟಣದಲ್ಲಿ ಜಬ್ಬಾರ್ ಸಾಬರ ಬೊಂಬೆ ಕಾರ್ಖಾನೆಯಲ್ಲಿ ಮರ ಕಡೆಯುವುದು ನನ್ನ ಕೆಲಸ. ನಾಲ್ಕು ವರ್ಷದ ಹಿಂದೆ ಬೆಂಗಳೂರಿನಿಂದ ಒಬ್ಬರು ಮೇಡಂ ಬಂದು ಒಂದು ಹಳೇ ಜಪಾನಿ ಚಿತ್ರ ತೋರಿಸಿದರು. ಕಬುಕಿ ಅನ್ನುವುದು ಅಲ್ಲಿಯ ನಾಟಕವಂತೆ. ಅದರ ನಟರನ್ನು ಮರದ ಅಚ್ಚಿನಲ್ಲಿ ಕೆತ್ತಿ ಕಾಗದಕ್ಕೆ ಒತ್ತುತ್ತಿದ್ದರಂತೆ. ಆ ಚಿತ್ರದಲ್ಲಿದ್ದವನಿಗೆ ಬಿಳಿ ಮುಖ, ಕೆಂಪು ಗೆರೆ, ಮೆಳ್ಳೆಗಣ್ಣು; ನಮ್ಮೂರ ನಾಟಕದಲ್ಲಿ ಗದೆ ಎತ್ತಿ ಆರ್ಭಟಿಸುವವನ ಹಾಗೇ ಇದ್ದ. ಎಡಕ್ಕೆ ನೋಡುತ್ತಿದ್ದ. ಅಂಥದ್ದೇ ಒಂದು ಅಚ್ಚು ಸರಿಯಾಗಿ ಕೆತ್ತಿಕೊಟ್ಟರೆ ಮುಂದೆ ಆ ಕೆಲಸವೆಲ್ಲ ನನಗೇ ಅಂದರು ಮೇಡಂ. ಇಪ್ಪತ್ತು ವರ್ಷ ಗಿಲಕಿ ಕಡೆದು ಸಾಕಾಗಿತ್ತು. ನನಗೆ ಆ ಕೆಲಸ ಬೇಕೇ ಬೇಕಿತ್ತು.

ಇಪ್ಪತ್ತು ದಿನ ಕೆತ್ತಿದೆ. ಶುಕ್ರವಾರ ಮಧ್ಯಾಹ್ನ ಎಲ್ಲರೂ ನಮಾಜಿಗೆ ಹೋಗಿದ್ದಾಗ ಒಬ್ಬನೇ ಕೂತು ಅಚ್ಚಿಗೆ ಮಸಿ ಹಚ್ಚಿದೆ. ಆಗ ತಪ್ಪು ಕಣ್ಣಿಗೆ ಬಿತ್ತು. ರಬ್ಬರ್ ಸ್ಟ್ಯಾಂಪಿನ ಹಾಗೆ ಅಚ್ಚು ಉಲ್ಟಾ ಇರಬೇಕಿತ್ತು. ಚಿತ್ರದ ನಕಲು ತೆಗೆದ ಕಾಗದವನ್ನು ಮಗುಚದೆ ಹಲಗೆಗೆ ಅಂಟಿಸಿ, ಕಂಡ ಹಾಗೇ ಕೆತ್ತಿಬಿಟ್ಟಿದ್ದೆ. ಬೊಂಬೆಯವರಿಗೆ ಅದೇ ಅಭ್ಯಾಸ. ಮರದ ಮೇಲೆ ಹೇಗೆ ಕಂಡಿತೋ ಕೊನೆಗೂ ಹಾಗೇ.

ಹೇಗೂ ಕೆಟ್ಟಿತು ಅಂತ ಕಾಗದ ಹಾಕಿ, ಉಜ್ಜಿ, ಎತ್ತಿದೆ. ನನ್ನ ತಪ್ಪಿನಿಂದ ಕಾಗದದಲ್ಲಿ ನಟ ಬಲಕ್ಕೆ ನೋಡಬೇಕಿತ್ತು. ಎಡಕ್ಕೇ ನೋಡುತ್ತಿದ್ದ, ಮೇಡಂ ಕೊಟ್ಟ ಚಿತ್ರದಲ್ಲಿದ್ದ ಹಾಗೆ. ಅಚ್ಚು ನೋಡಿದೆ. ಅಲ್ಲೂ ಎಡಕ್ಕೆ. ಅದೇ ಅಚ್ಚಿನಿಂದ ಇನ್ನೆರಡು ಒತ್ತಿದೆ. ಅವೆರಡೂ ಬಲಕ್ಕೆ!

ಸಂಜೆ ಮೇಡಂ ಬಂದು ಮೂರನ್ನೂ ನೋಡಿದರು. ಮೊದಲನೆಯದನ್ನು ನಾನು ಕೈಯಲ್ಲಿ ಬರೆದು ಮೋಸ ಮಾಡಿದೆ ಅಂದರು. ಒಪ್ಪಿಕೊಂಡರೆ ಇನ್ನೊಂದು ಹಲಗೆ ಕೊಡುತ್ತಾರಂತೆ. ಜಬ್ಬಾರ್ ಸಾಬರು ನನ್ನನ್ನು ಬಾಗಿಲಾಚೆ ಎಳೆದುಕೊಂಡು ಹೋದರು.

“ಒಪ್ಕೊಂಬುಡ್ಲಾ. ನಿನ್ ಗಂಟೇನ್ ಹೋದಾತು?”

“ಬರೀದೇ ಇರೋದ್ನ ಬರ್ದೆ ಅಂತ ಹೆಂಗನ್ಲಿ ಸಾಬ್ರೆ?”

“ಮತ್ತೆ ಜಪಾನ್ ನಾಟಕದೋನು ನಿಂಗೋಸ್ಕರ ಕತ್ತು ತಿರುಗಿಸ್ದ ಅಂತೀಯಾ? ಊರೆಲ್ಲ ನಗ್ತದೆ ಕಣ್ಲಾ!”

“ನಗ್ಲಿ ಬುಡಿ. ಕಳ್ಳ ಅನ್ನಿಸ್ಕೊಂಡು ಉಳಿ ಹಿಡಿಯಾಕಿಲ್ಲ ನಾನು.”

ಒಳಗೆ ಹೋಗಿ ಅದನ್ನೇ ಮೇಡಂಗೂ ಹೇಳಿದೆ. ಅವರು ತಮ್ಮ ಚಿತ್ರ ಸುತ್ತಿಕೊಂಡು ಹೊರಟರು. ಆ ಕೆಲಸ ಹೋಯಿತು. ಈಗಲೂ ಗಿಲಕಿ ಕಡೆಯುತ್ತಿದ್ದೇನೆ.

ಅನುಮಾನ ಇದ್ದವರು ಬಂದು ನೋಡಬಹುದು. ಗದ್ದದ ಹತ್ತಿರ ನನ್ನ ಉಳಿ ಜಾರಿದ ಗೀರು ಮೂರು ಕಾಗದದಲ್ಲೂ ಇದೆ. ಅಚ್ಚಿನಿಂದ ಬಾರದೆ ಅದು ಎಲ್ಲಿಂದ ಬಂತು? ಮೊದಲನೆಯದರಲ್ಲಿ ಮುಖ ಎಡಕ್ಕೆ ಹೇಗೆ ತಿರುಗಿತು ಅಂತ ಕೇಳಿದರೆ ನನಗೆ ಗೊತ್ತಿಲ್ಲ. ಎಷ್ಟು ಯೋಚಿಸಿದರೂ ಹೊಳೆದಿಲ್ಲ. ಗೊತ್ತಿಲ್ಲ ಅನ್ನಲು ನನಗೆ ನಾಚಿಕೆಯಿಲ್ಲ. ನಾನೇ ಬರೆದೆ ಅಂತ ಮಾತ್ರ ಯಾರು ಕೇಳಿದರೂ ಹೇಳುವುದಿಲ್ಲ.