ಚೀರಕ್ಕನ ಉಸಿರು

ಸ್ಟುಡಿಯೋದವರೆಲ್ಲ ಆಕೆಯನ್ನು ಚೀರಕ್ಕ ಎಂದೇ ಕರೆಯುತ್ತಿದ್ದರು. ಹತ್ತೊಂಬತ್ತು ವರ್ಷ ಸಿನಿಮಾಗಳಿಗೆ ಕಂಠದಾನ ಮಾಡಿದರೂ ಪಾಲಿಗೆ ಬಂದ ಮಾತುಗಳು ಬೆರಳೆಣಿಕೆಯಷ್ಟು. ನಾಯಕಿ ಬಾವಿಗೆ ಬಿದ್ದರೆ, ಮನೆಗೆ ಬೆಂಕಿ ಹತ್ತಿದರೆ ಚೀರುವುದು, ಅಷ್ಟೇ. ಮನೆಯಲ್ಲಿ ಮಾತ್ರ ಆಕೆಯದು ಮೆತ್ತನೆಯ ದನಿ. "ಇರೋದನ್ನೆಲ್ಲ ಕೆಲಸದಲ್ಲೇ ಖರ್ಚು ಮಾಡ್ಕೊಂಡು ಬರ್ತಾಳೆ, ನಾನು ಬಚಾವ್" ಎಂದು ಗಂಡ ನೆಂಟರೆದುರು ನಗಾಡುತ್ತಿದ್ದ.

ಒಮ್ಮೆ ವಿಡಿಯೊ ಗೇಮ್ ಒಂದರ ಕೆಲಸ ಬಂತು.

"ಎಷ್ಟು ಸಲ ಚೀರಬೇಕಪ್ಪ?" ಎಂದು ಸೌಂಡ್ ಇಂಜಿನಿಯರನ್ನು ಕೇಳಿದಳು.

"ಒಂದ್ಸಲಾನೂ ಇಲ್ಲ ಅಕ್ಕ. ಇದ್ರಲ್ಲಿ ಹೊಡೆದಾಟಾನೇ ಇಲ್ಲ. ಪಿಶಾಚಿ ಬಂದ್ರೆ ಬೀರುವಿನಲ್ಲೋ ಮಂಚದ ಕೆಳಗೋ ಅವಿತ್ಕೋಬೇಕು. ಉಸಿರು ಕೇಳಿಸ್ತೋ, ಕಥೆ ಮುಗೀತು. ನಿಮ್ಮಿಂದ ಆ ಉಸಿರು ಬೇಕು."

ಎರಡು ದಿನ ಉಸಿರಾಡಿದರೂ ಅವನಿಗೆ ಸಮಾಧಾನವಿಲ್ಲ. "ಕೇಳಿಸ್ಲಿ ಅಂತ ಉಸಿರಾಡ್ತಿದ್ದೀರಿ ಅಕ್ಕ. ಕೇಳಿಸಬಾರದು ಅಂತ ಉಸಿರಾಡಿ."

ಮೂರನೆಯ ದಿನ ಅವನು ಊಟಕ್ಕೆ ಹೊರಟಾಗ ಆಕೆ, "ರೆಕಾರ್ಡಿಂಗ್ ಹಾಗೇ ಓಡ್ತಿರ್ಲಿ, ಇನ್ನೊಂದೆರಡು ಸಲ ನೋಡ್ತೀನಿ" ಎಂದು ಮೈಕಿನ ಕೋಣೆಯೊಳಗೇ ಉಳಿದಳು. ಸ್ವಲ್ಪ ಹೊತ್ತಿಗೆ ಬಾಯಾರಿ ಬಾಗಿಲ ಹಿಡಿಕೆ ತಿರುಗಿಸಿದರೆ ಅದು ಕಿತ್ತು ಕೈಗೇ ಬಂತು.

ಮೊದಲು ನಗು ಬಂತು. ಗಾಜಿನಾಚೆ ಇಂಜಿನಿಯರನ ಖಾಲಿ ಕುರ್ಚಿ. ಅಲ್ಲೇ ಮೇಜಿನ ಮೇಲೆ ಆಕೆಯದೇ ಮೊಬೈಲು. ಬಾಗಿಲು ಗುದ್ದಿದಳು. ಕೂಗಿದಳು. ಕಸ ಗುಡಿಸುವಾಕೆ ಆಚೆಯ ಕೋಣೆಗೆ ಬಂದಾಗ ಜೀವ ಬಂದಂತಾಗಿ, ಇಷ್ಟು ವರ್ಷ ಯಾರಿಗೂ ಕೊಡದಿದ್ದ ಚೀರು ಚೀರಿದಳು. ಸ್ಪಂಜಿನ ಗೋಡೆ ಅದನ್ನು ಗುಳುಂ ಮಾಡಿತು. ಬೆನ್ನು ಹಾಕಿದ್ದ ಹೆಂಗಸು ಮೇಜು ಒರೆಸಿ, ದೀಪ ಆರಿಸಿ ಹೊರಟುಹೋದಳು. ಆಚೆ ಕತ್ತಲಾದದ್ದೇ ಗಾಜು ಕನ್ನಡಿಯಾಯಿತು. ಈಗ ಕಾಣುತ್ತಿದ್ದುದು ಆಕೆಯ ಮುಖವೊಂದೇ.

ಸದ್ದಾಗುತ್ತದೆಂದು ಎಸಿಯನ್ನೂ ನಿಲ್ಲಿಸಿದ್ದರು. ಗಾಳಿ ಮುಗಿದುಹೋದರೆ ಎಂಬ ಯೋಚನೆ ಹೊಕ್ಕ ಮೇಲೆ ಆಕೆ ಮೂಲೆಯಲ್ಲಿ ಮೊಣಕಾಲು ತಬ್ಬಿ ಕೂತಳು. ಬಿಸಿ ಕಾಫಿ ಹೀರಿದಂತೆ ಗಾಳಿಯನ್ನು ಚೂರುಚೂರೇ ಹೀರಿದಳು.

ಗಾಡಿ ಕೆಟ್ಟು ಇಂಜಿನಿಯರ್ ಮರಳುವಷ್ಟರಲ್ಲಿ ಎರಡು ಗಂಟೆ ಕಳೆದಿತ್ತು. ಆಕೆಯನ್ನು ಹೊರಗೆ ಕೂರಿಸಿ, ನೀರು ಕೊಟ್ಟು, ಹತ್ತು ಸಲ ಕ್ಷಮೆ ಕೇಳಿದ. ಆಮೇಲೆ ಹೆಡ್‌ಫೋನ್ ಹಾಕಿಕೊಂಡವನ ಕಣ್ಣು ಅರಳಿತು.

"ಅಕ್ಕ! ಇದೇ, ಇದೇ ಬೇಕಿತ್ತು!"

"ಅಳಿಸು."

"ಇಂಥದ್ದು ಮತ್ತೆ ಸಿಗಲ್ಲ ಅಕ್ಕ..."

"ಅದನ್ನ ನಾನು ನಿಂಗೆ ಕೊಟ್ಟಿಲ್ಲಪ್ಪ. ಅಳಿಸು."

ಅವನು ತಲೆ ತಗ್ಗಿಸಿ ಅಳಿಸಿದ. ಮುಗಿಯುವವರೆಗೆ ಆಕೆ ಪರದೆಯಿಂದ ಕಣ್ಣು ಕೀಳಲಿಲ್ಲ.

ಬಾಗಿಲು ರಿಪೇರಿಯಾದರೂ ಕಾಲು ಒಳಗೆ ಹೋಗಲೊಲ್ಲದು. ಗಂಡ ನಾಲ್ಕು ದಿನ ರಜೆ ಹಾಕಿ ಗಾಜಿನಾಚೆ ಪೇಪರ್ ಹಿಡಿದು ಕೂತ. ಆಕೆ ಅವನನ್ನೇ ನೋಡುತ್ತ ಕೆಲಸ ಮುಗಿಸಿದಳು. ಲಿಫ್ಟ್ ಮಾತ್ರ ಅಂದಿಗೇ ಬಿಟ್ಟಳು; ಈಗಲೂ ನಾಲ್ಕು ಮಹಡಿ ಹತ್ತುತ್ತಾಳೆ.

ಆಟ ಹೊರಬಂದಾಗ ಮಗಳು ತಂದು ಆಡಿದಳು. ಪರದೆಯ ಮೇಲೆ ಬೀರುವಿನ ಬಾಗಿಲು ಮುಚ್ಚಿತು. ಸ್ಪೀಕರಿನಲ್ಲಿ ಅಮ್ಮನ ಉಸಿರು.

"ಸಾಕು, ಆಚೆ ಬಾ," ಎಂದಳು ಚೀರಕ್ಕ.

"ಅಮ್ಮಾ, ಪಿಶಾಚಿ ಅಲ್ಲೇ ನಿಂತಿದೆ."

"ನಿಂತಿರ್ಲಿ. ನೀನು ಆಚೆ ಬಾ."