ಕೂಗಿದವರಿಗೆ ಮೊದಲ ಹಿಡಿ

ಆಸ್ಪತ್ರೆಯ ಊಟದ ಗಾಡಿಯನ್ನು ಇಪ್ಪತ್ತೇಳು ವರ್ಷ ತಳ್ಳಿದವಳು ಅವಳು. ನಿವೃತ್ತಿಯಾಗಿ ನಾಲ್ಕು ವರ್ಷ ಕಳೆದರೂ ಬೀದಿಯವರ ಬಾಯಲ್ಲಿ ಇನ್ನೂ ಗಾಡಿಯಮ್ಮ. ಅಷ್ಟು ವರ್ಷದಲ್ಲಿ ಕಲಿತ ವಿದ್ಯೆ ಒಂದೇ: ಯಾವ ಹಾಸಿಗೆಯಿಂದ ಗಲಾಟೆ ಏಳುತ್ತದೋ ಅಲ್ಲಿಗೆ ಮೊದಲ ತಟ್ಟೆ. ಕೂಗುವವನ ಬಾಯಿ ತುಂಬಿತೆಂದರೆ ವಾರ್ಡು ತಣ್ಣಗಾಗುತ್ತದೆ. ತೆಪ್ಪಗೆ ಮಲಗಿದವರು ಕಾಯುತ್ತಾರೆ, ಕಾಯುವವರಿಂದ ಯಾರಿಗೂ ತೊಂದರೆಯಿಲ್ಲ.

ಮನೆಯನ್ನೂ ಹಾಗೆಯೇ ನಡೆಸಿದಳು. ಗಂಡ ಬದುಕಿದ್ದಷ್ಟು ದಿನ ಎಗರಾಡಿಯೇ ಬದುಕಿದ. ಅವನು ಹೋದಮೇಲೆ ಆ ಗಂಟಲು ಮಗನಿಗೆ ಬಂತು. ಮಗಳಿಗೆ ಗಂಟಲೇ ಬರಲಿಲ್ಲ. ಕನ್ನಡಕದಂಗಡಿಯಲ್ಲಿ ಗಾಜು ಉಜ್ಜುವ ಕೆಲಸ ಅವಳದು, ವಯಸ್ಸು ಮೂವತ್ತಮೂರು. ಮನೆಯಲ್ಲಿದ್ದಾಳೋ ಇಲ್ಲವೋ ಎಂಬುದನ್ನು ಬಾಗಿಲ ಬಳಿಯ ಚಪ್ಪಲಿ ನೋಡಿಯೇ ತಿಳಿಯಬೇಕು.

ಎಂಟು ತಿಂಗಳ ಹಿಂದೆ ಮಗಳು ಒಂದೇ ಒಂದು ಮಾತು ಕೇಳಿದ್ದಳು.

"ಅಮ್ಮ, ಬೀದಿ ಕಡೆ ರೂಮು ಖಾಲಿ ಬಿದ್ದಿದೆಯಲ್ಲ, ಅಲ್ಲಿ ನಾನೇ ಒಂದು ಕನ್ನಡಕದಂಗಡಿ ಇಡ್ಲಾ?"

"ನೋಡೋಣ" ಎಂದಿದ್ದಳು ಗಾಡಿಯಮ್ಮ. ಎರಡು ಬೀದಿಯಾಚೆ ಸಂಸಾರ ಹೂಡಿರುವ ಮಗ ಎಲೆಕ್ಟ್ರಿಷಿಯನ್. ವೈರಿನ ಸುರುಳಿ ತುಂಬಿಡಲು ಅದೇ ಕೋಣೆ ಬೇಕೆಂದು ವಾರಕ್ಕೊಮ್ಮೆ ಬಂದು ಗಂಟಲು ಹರಿದುಕೊಳ್ಳತೊಡಗಿದ. ಅವನಿಗೂ "ನೋಡೋಣ" ಎಂದಳು. ಆ ನೋಡೋಣ ಯಾರ ಕಡೆ ವಾಲುತ್ತದೆಂದು ಮೂವರಿಗೂ ಗೊತ್ತಿತ್ತು.

ಇದರ ನಡುವೆ ಕೋಳಿಗಳ ರಾಮಾಯಣ. ಹಿತ್ತಲಲ್ಲಿ ಆರು ಹೇಂಟೆ. ಬೆಳಗ್ಗೆ ಅವು ಬಾಯಿ ಬಿಟ್ಟವೆಂದರೆ ಸತ್ತವರೂ ಎದ್ದು ಕೂರಬೇಕು. ಪಕ್ಕದ ಮನೆಯ ಬಸ್ ಡ್ರೈವರ್‌ಗೆ ರಾತ್ರಿಯ ಕೊನೇ ಟ್ರಿಪ್ಪು. ಬೆಳಗಿನ ನಿದ್ದೆಯೇ ಅವನ ನಿದ್ದೆ. ಕೆಂಪು ಕಣ್ಣು ಹೊತ್ತು ಗೋಡೆಯ ಬಳಿ ಬಂದ.

"ಗಾಡಿಯಮ್ಮ, ನಾನು ಸ್ಟಿಯರಿಂಗ್ ಮೇಲೆ ತೂಕಡಿಸಿದ್ರೆ ನಲವತ್ತು ಜನ ಹೋಗ್ತಾರೆ. ಹದಿನೈದು ದಿನ ನೋಡ್ತೀನಿ. ಆಮೇಲೆ ಕಂಪ್ಲೇಂಟ್ ಕೊಡ್ತೀನಿ, ಬೇಜಾರು ಮಾಡ್ಕೋಬೇಡಿ."

ಗಾಡಿಯಮ್ಮನಿಗೆ ಗೊತ್ತಿದ್ದದ್ದು ಒಂದೇ ಮದ್ದು. ಕೋಳಿ ಕೂಗಿದ ತಕ್ಷಣ ಓಡಿಹೋಗಿ ತಿನ್ನಲು ಹಾಕಿದಳು. ಅದೂ ಎಂಥ ಉಪಚಾರ! ರಾತ್ರಿ ನೆನೆಸಿ ಮೊಳಕೆ ಬರಿಸಿದ ಕಾಳು, ಸಣ್ಣಗೆ ಹೆಚ್ಚಿದ ಸೊಪ್ಪು, ಸೌತೆಕಾಯಿಯ ತಿರುಳು, ಜಜ್ಜಿದ ಕುಂಬಳದ ಬೀಜ. ಮಕ್ಕಳಿಗೂ ಇಷ್ಟು ನಾಜೂಕಾಗಿ ಹೆಚ್ಚಿಕೊಟ್ಟವಳಲ್ಲ. ಕೋಳಿಗಳು ಗಬಗಬ ತಿಂದು ಸುಮ್ಮನಾದವು. ಮರುದಿನ ಆರೂವರೆಯ ಬದಲು ಆರಕ್ಕೇ ಕೂಗಿದವು. ವಾರದೊಳಗೆ ಐದು ಗಂಟೆಗೇ ಹಿತ್ತಲು ಸಂತೆಯಾಯಿತು.

ಅಂದು ಮಗಳು ಹಲ್ಲುಜ್ಜುತ್ತಾ ಬಂದು ನಿಂತಳು.

"ಕೂಗಿದಾಗ ಹಾಕ್ತೀಯಲ್ಲ ಅಮ್ಮ, ಕೂಗೋದನ್ನ ನೀನೇ ಕಲಿಸ್ತಾ ಇದ್ದೀಯ. ಬಾಗಿಲ ಹಿಂದೆ ನಿಂತ್ಕೋ. ಸುಮ್ಮನಾದಾಗ ಹಾಕು." ಆಮೇಲೆ ಮೂಲೆಯಲ್ಲಿದ್ದ ಕಂದು ಹೇಂಟೆಯನ್ನು ಎತ್ತಿ ತಾಯಿಯ ಕೈಗಿಟ್ಟಳು. "ಇದರ ಎದೆ ಮುಟ್ಟಿ ನೋಡು."

ಗರಿಯ ಅಡಿಯಲ್ಲಿ ಬರೀ ಎಲುಬು. ಐದು ಕೋಳಿ ಕೂಗಿ ತಿಂದಿದ್ದವು. ಇದು ಒಂದು ದಿನವೂ ಕೂಗಿರಲಿಲ್ಲ. ಗಾಡಿಯಮ್ಮ ಅದನ್ನು ಬೇಗ ಕೆಳಗಿಡಲಿಲ್ಲ. ಯಾಕೆಂದು ಆಗ ಅವಳಿಗೆ ಹೊಳೆಯಲಿಲ್ಲ.

ಅಂದಿನಿಂದ ಬೋಗುಣಿ ಹಿಡಿದು ಬಾಗಿಲ ಹಿಂದೆ ನಿಂತಳು. ಕೋಳಿ ಅರಚುತ್ತಿದ್ದರೆ ಕೈ ತಾನಾಗಿ ಬೋಗುಣಿಗೆ ಹೋಗುತ್ತಿತ್ತು. ಆದರೂ ಹಲ್ಲು ಕಚ್ಚಿ ನಿಂತಳು. ಮಗಳು ಹಿಂದಿನಿಂದ ಏನಾದರೂ ಹೇಳಿದರೆ ಕೈಯೆತ್ತಿ "ಶ್, ಇರು" ಎನ್ನುವಳು. ಗದ್ದಲ ನಿಂತಮೇಲೆ ಮೊದಲ ಹಿಡಿ ಕಂದು ಹೇಂಟೆಗೆ. ಡ್ರೈವರ್ ಕೊಟ್ಟ ಗಡುವಿನ ಹದಿಮೂರನೇ ದಿನ ಹಿತ್ತಲು ಎಷ್ಟು ಶಾಂತವಾಯಿತೆಂದರೆ ಅವನ ಗೊರಕೆ ಗೋಡೆ ದಾಟಿ ಕೇಳಿಸಿತು.

ಅದೇ ದಿನ ಮಗ ಬಂದು ಕೋಣೆಯ ಬೀಗದ ಕೈಗಾಗಿ ಕೂಗಾಡಿದ. ಗಾಡಿಯಮ್ಮ ಬಾಗಿಲ ಹಿಂದೆ ನಿಂತವಳಂತೆ ನಿಂತಳು, ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಕೂಗಿ ಸುಸ್ತಾಗಿ, ಕುರ್ಚಿ ಒದ್ದು ಹೊರಟ. ಇಷ್ಟು ಸುಲಭವಿತ್ತೇ ಎಂದು ತನ್ನ ಮೇಲೇ ಸಿಟ್ಟು ಬಂತು ಅವಳಿಗೆ. ಬೀಗದ ಕೈ ತೆಗೆದುಕೊಂಡು ಹಿಗ್ಗಿನಿಂದ ಮಗಳ ಕೋಣೆಗೆ ಹೋದಳು. ಮಗಳು ಪೆಟ್ಟಿಗೆಗೆ ಬಟ್ಟೆ ಜೋಡಿಸುತ್ತಿದ್ದಳು.

"ತಗೋ, ರೂಮು ನಿಂದೇ. ಒಂದು ದಿನಾನೂ ಜೋರು ಮಾಡಲಿಲ್ಲ ನೀನು, ಅದಕ್ಕೇ ಕೊಡ್ತಿದ್ದೀನಿ."

ಮಗಳು ಕೈ ಚಾಚಲಿಲ್ಲ.

"ನಾನೇನು ಕೋಳಿನಾ ಅಮ್ಮ?"

ಮಗಳು ಇನ್ನೊಂದು ಬಟ್ಟೆ ಮಡಿಸಿ ಪೆಟ್ಟಿಗೆಗಿಟ್ಟಳು.

"ಬಸ್ ಸ್ಟ್ಯಾಂಡ್ ಹತ್ರ ಮಳಿಗೆ ಹಿಡಿದಿದ್ದೀನಿ, ಹಿಂದೆ ಒಂದು ರೂಮೂ ಇದೆ. ಹೇಳಿದ್ನಲ್ಲ ನಿಂಗೆ."

"ಯಾವಾಗ?"

"ಎರಡು ಸಲ. ನೀನು ಬಾಗಿಲ ಹಿಂದೆ ನಿಂತಿದ್ದೆ. ಕಿವಿಯೆಲ್ಲ ಹಿತ್ತಲ ಕಡೆ ಇತ್ತು."

ಮಗಳು ಹೊರಡುವಾಗ ಗಾಡಿಯಮ್ಮ ಗೇಟಿನವರೆಗೆ ಓಡಿದಳು. ಜೀವಮಾನದಲ್ಲಿ ಮೊದಲ ಸಲ ಕೂಗಿದಳು. ಮೂವತ್ತಮೂರು ವರ್ಷ ಸಾಕಿದ್ದು ಇದಕ್ಕೇನಾ, ಒಂದು ರೂಮಿಗೆ ತಾಯಿ ಬೇಡವಾದಳಾ, ಹೋಗೋದಾದ್ರೆ ಹೋಗು, ಹೋಗಬೇಡ ಕಣೇ ಎಂದು ಬಾಯಿಗೆ ಬಂದದ್ದನ್ನೆಲ್ಲ ಕೂಗಿದಳು. ಪಕ್ಕದ ಮನೆಯ ಕಿಟಕಿ ತೆರೆದುಕೊಂಡಿತು. ಮಗಳು ಪೆಟ್ಟಿಗೆ ಹಿಡಿದು ಗೇಟಿನಾಚೆ ನಿಂತಳು. ಉತ್ತರ ಕೊಡಲಿಲ್ಲ, ಹೋಗಲೂ ಇಲ್ಲ. ಸುಮ್ಮನೆ ಕಾದಳು.

ಗಾಡಿಯಮ್ಮನ ಉಸಿರು ಮುಗಿಯಿತು. ಬೀದಿ ಸದ್ದಡಗಿತು. ಆಗ ಮಗಳು ಎರಡು ಹೆಜ್ಜೆ ಹಿಂದೆ ಬಂದು, ತಾಯಿಯ ಜಾರಿದ ಸೆರಗನ್ನು ಹೆಗಲಿಗೇರಿಸಿದಳು.

"ಭಾನುವಾರ ಬರ್ತೀನಿ" ಎಂದಳು.

ಇನ್ನೊಮ್ಮೆ ಕೂಗಿದರೆ ಆ ಭಾನುವಾರವೂ ಇಲ್ಲವೆಂದು ಗಾಡಿಯಮ್ಮನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ತುಟಿ ಪಿಟಕ್ಕೆನ್ನದೆ ಒಳಗೆ ಹೋದಳು.